ಹೊಲಿಸುವ ಮುಂಚೆ ನೆನೆಸಿ

ಕೇಳುಗರಿಗೆ ನಮಸ್ಕಾರ. ಒಗೆದ ಮೇಲೆ ಬಟ್ಟೆ ಯಾಕೆ ಕುಗ್ಗುತ್ತದೆ, ಯಾಕೆ ಆಕಾರ ಕೆಡುತ್ತದೆ ಅನ್ನುವುದನ್ನು ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಬಟ್ಟೆಯ ಪಾಠ ಹೇಳುವುದೇ ನನ್ನ ಕೆಲಸ, ಬಿಟ್ಟರೆ ಸಂಜೆಯವರೆಗೂ ಮಾತಾಡುತ್ತೇನೆ. ಸಮಯ ಕಡಿಮೆ ಇದೆ. ಅದಕ್ಕೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತಿ ಬಟ್ಟೆಯನ್ನು ಹೊಲಿಸುವ ಮುಂಚೆ ನೀರಿನಲ್ಲಿ ನೆನೆಸಿ. ಮಧ್ಯದಲ್ಲಿ ಕುಕ್ಕರ್ ಕೂಗಿ ನೀವು ಎದ್ದು ಹೋದರೂ ಪರವಾಗಿಲ್ಲ, ಇಷ್ಟು ನೆನಪಿಟ್ಟುಕೊಳ್ಳಿ. ಹೊಲಿಸುವ ಮುಂಚೆ ನೆನೆಸಿ.

ಬಟ್ಟೆ ಕುಗ್ಗಿತು ಅಂದ ತಕ್ಷಣ ನಾವು ಯಾರನ್ನು ಬೈಯುತ್ತೇವೆ? ಸೋಪಿನ ಪುಡಿಯನ್ನು. ವಾಷಿಂಗ್ ಮೆಷಿನ್ನನ್ನು. ಬೋರ್‌ವೆಲ್ ನೀರನ್ನು. ಮನೆಕೆಲಸಕ್ಕೆ ಬರುವ ಹೆಂಗಸನ್ನೂ ಬಿಡುವುದಿಲ್ಲ, ಪಾಪ. ಆದರೆ ಎಡವಟ್ಟು ಶುರುವಾಗಿದ್ದು ನಿಮ್ಮ ಬಚ್ಚಲಲ್ಲಿ ಅಲ್ಲ, ಮಗ್ಗದಲ್ಲಿ.

ನೇಯುವಾಗ ಉದ್ದಕ್ಕೆ ಇರುವ ನೂಲಿಗೆ ಹಾಸು ಅನ್ನುತ್ತಾರೆ, ಅಡ್ಡಕ್ಕೆ ಹೋಗುವುದಕ್ಕೆ ಹೊಕ್ಕು. ಹಾಸಿನ ನೂಲಿಗೆ ಗಂಜಿ ಹಾಕಿ, ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೇಯ್ದ ಮೇಲೂ ಬಿಡುವುದಿಲ್ಲ. ಗಿರಣಿಯಲ್ಲಿ ಬಣ್ಣ ಹಾಕುವಾಗ, ಒಣಗಿಸುವಾಗ, ಥಾನಿಗೆ ಸುತ್ತುವಾಗ, ಪ್ರತಿ ಹಂತದಲ್ಲೂ ಉದ್ದಕ್ಕೆ ಎಳೆಯುತ್ತಾರೆ. ಹಾಗೆ ಎಳೆದ ಸ್ಥಿತಿಯಲ್ಲೇ ಬಟ್ಟೆ ಒಣಗಿ ನಿಂತುಬಿಡುತ್ತದೆ. ಅಂಗಡಿಯಲ್ಲಿ ನೀವು ದುಡ್ಡು ಕೊಟ್ಟು ತರುವುದು ಈ ಎಳೆದಿಟ್ಟ ಬಟ್ಟೆಯನ್ನು.

ಅದಕ್ಕೆ ಮೊದಲ ಸಲ ನೀರು ಬಿದ್ದಾಗ ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ. ನೂಲು ದಪ್ಪ ಆಗುತ್ತದೆ. ಹಾಸಿನ ನೂಲು ಈಗ ದಪ್ಪನೆಯ ಹೊಕ್ಕಿನ ನೂಲನ್ನು ಹತ್ತಿ ಇಳಿದು ಸುತ್ತಿಕೊಂಡು ಹೋಗಬೇಕು. ದಾರಿ ಉದ್ದ ಆಯಿತು, ನೂಲು ಮಾತ್ರ ಅಷ್ಟೇ ಇದೆ. ಆಗ ಬಟ್ಟೆ ಗಿಡ್ಡ ಆಗಲೇಬೇಕು, ಅಲ್ವಾ? ಅಂಗಳದಲ್ಲಿ ಕಟ್ಟಿದ ಹತ್ತಿ ಹಗ್ಗ ಮಳೆಯಲ್ಲಿ ನೆನೆದು ಬಿಗಿ ಆಗುವುದನ್ನು ನೋಡಿದ್ದೀರಲ್ಲ, ಇದೂ ಹಾಗೇ. ನೂಲು ಸವೆದಿಲ್ಲ, ಎಲ್ಲೂ ಹೋಗಿಲ್ಲ. ಎಳೆದದ್ದು ಸಡಿಲವಾಗಿ ತನ್ನ ಜಾಗಕ್ಕೆ ಬಂತು, ಅಷ್ಟೇ.

ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಒಬ್ಬ ಟೇಲರ್ ಇದ್ದಾರೆ. ಒಬ್ಬ ನಿವೃತ್ತ ಮೇಷ್ಟ್ರು ಮಗಳ ಮದುವೆಗೆ ಅಂತ ಅವರ ಹತ್ತಿರ ಖಾದಿ ಜುಬ್ಬಾ ಹೊಲಿಸಿದರು. "ನೆನೆಸಿ ಕೊಡಿ ಮೇಷ್ಟ್ರೇ" ಅಂತ ಟೇಲರ್ ಹೇಳಿದ್ದರಂತೆ. "ಮದುವೆ ಇರೋದು ಈ ಭಾನುವಾರ, ನೆನೆಸೋಕೆ ಎಲ್ಲಿದೆ ಟೈಮು" ಅಂದರಂತೆ ಇವರು. ಮದುವೆಯ ದಿನ ಜುಬ್ಬಾ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಒಗೆದರು, ಇಸ್ತ್ರಿ ಮಾಡಿದರು, ಬೀಗರೂಟಕ್ಕೆ ಅದನ್ನೇ ಹಾಕಿಕೊಂಡು ಹೊರಟರು. ನೋಡಿದರೆ ತೋಳು ವಾಚಿನಿಂದ ಮೇಲಕ್ಕೆ! ಬೀಗರ ಮುಂದೆ ಊಟದ ಹೊತ್ತು ಪೂರ್ತಿ ಕೈ ಮಡಚಿಕೊಂಡೇ ಇದ್ದರಂತೆ.

ಮಾರನೆಯ ದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಗಲಾಟೆ. "ಏನಯ್ಯಾ, ನನ್ನ ಬಟ್ಟೆಯಲ್ಲಿ ಕದ್ದಿದೀಯ." ಟೇಲರ್ ಸುಮ್ನೆ ಇರುತ್ತಾರಾ? "ಮದುವೆ ದಿನ ಸರಿ ಇತ್ತಲ್ಲ ಸಾರ್" ಅಂದರು. "ಆ ಗಡಿಬಿಡಿಯಲ್ಲಿ ಯಾರು ನೋಡ್ತಾರೆ?" ಅಂದರು ಮೇಷ್ಟ್ರು. ಕೊನೆಗೆ ಇಬ್ಬರೂ ನಮ್ಮ ಮನೆಗೆ ಬಂದರು. ಟೇಲರ್ ಕೈಯಲ್ಲಿ ಅಳತೆ ಪುಸ್ತಕ, ಜೊತೆಗೆ ಅದೇ ಖಾದಿಯ ಉಳಿದ ತುಂಡು. ತುಂಡು ನೋಡಿದ್ದೇ ತಡ, ಮೇಷ್ಟ್ರು ಎದ್ದು ನಿಂತರು. "ನೋಡಿದ್ರಾ ಮೇಡಂ! ಬಟ್ಟೆ ಇಟ್ಕೊಂಡಿದ್ದಾನೆ!" ನಿರಪರಾಧಿ ಅಂತ ತೋರಿಸೋಕೆ ತಂದ ಸಾಕ್ಷಿಯೇ ಟೇಲರ್‌ಗೆ ತಿರುಗಿಬಿತ್ತು.

ನಾನು ಮೊದಲು ಜುಬ್ಬಾ ಅಳೆದೆ. ಪುಸ್ತಕದಲ್ಲಿ ಉದ್ದ 40 ಇಂಚು, ಈಗ 38. ತೋಳು 24 ಇದ್ದದ್ದು 23ಕ್ಕೂ ಕಡಿಮೆ. ಎದೆಯ ಸುತ್ತಳತೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಅಲ್ಲಿಗೇ ನನಗೆ ಗೊತ್ತಾಯಿತು. ಜುಬ್ಬಾದ ಉದ್ದ, ತೋಳಿನ ಉದ್ದ ಎರಡೂ ಹಾಸಿನ ದಿಕ್ಕಿಗೆ ಕತ್ತರಿಸಿದ್ದು. ಎಳೆದು ಕಟ್ಟಿದ್ದು ಆ ದಿಕ್ಕನ್ನೇ. ಆದರೆ ಮೇಷ್ಟ್ರು ಒಪ್ಪಬೇಕಲ್ಲ! ಆ ತುಂಡಿನ ಮೇಲೆ ಅಳಿಸದ ಪೆನ್ನಿನಿಂದ 50 ಸೆಂಟಿಮೀಟರಿನ ಚೌಕ ಬರೆದೆ. ಬಕೆಟ್ ನೀರಿನಲ್ಲಿ ರಾತ್ರಿ ಪೂರ್ತಿ ನೆನೆಸಿ, ನೆರಳಲ್ಲಿ ಹರಡಿ ಒಣಗಿಸಿದೆ. ಮರುದಿನ ಸಂಜೆ ಟೇಪು ಮೇಷ್ಟ್ರ ಕೈಗೇ ಕೊಟ್ಟೆ. ಹಾಸಿನ ಕಡೆ 47.5. ಹೊಕ್ಕಿನ ಕಡೆ 49.5. ಶೇಕಡ 5 ಕುಗ್ಗಿದರೆ 40 ಇಂಚಿಗೆ ಸರಿಯಾಗಿ 2 ಇಂಚು. ಲೆಕ್ಕದ ಮೇಷ್ಟ್ರೇ ಆಗಿದ್ದರಿಂದ ಮುಂದೆ ಮಾತಾಡಲಿಲ್ಲ. ಆಮೇಲೆ ಟೇಲರ್ ಆ ನೆನೆಸಿದ ತುಂಡಿನಿಂದಲೇ ತೋಳಿಗೆ ಪಟ್ಟಿ ಸೇರಿಸಿಕೊಟ್ಟರು. ಈಗಲೂ ಅದನ್ನು ಹಾಕಿಕೊಂಡೇ ಮೇಷ್ಟ್ರು ವಾಕಿಂಗ್ ಹೋಗುತ್ತಾರೆ. ಆದರೆ "ಉಳಿದ ಬಟ್ಟೆ ಕೇಳದೆ ಯಾಕೆ ಕೊಡಲಿಲ್ಲ" ಅನ್ನುವ ಪ್ರಶ್ನೆ ಬಿಟ್ಟಿಲ್ಲ. ಅದು ನ್ಯಾಯವಾದ ಪ್ರಶ್ನೆಯೇ ಬಿಡಿ.

ಹಾಗಾದರೆ ರೆಡಿಮೇಡ್ ಶರ್ಟು ಯಾಕೆ ಇಷ್ಟು ಕುಗ್ಗುವುದಿಲ್ಲ? ಕಾರ್ಖಾನೆಯವರು ಮೊದಲೇ ಕುಗ್ಗಿಸಿರುತ್ತಾರೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ 1930ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒದ್ದೆ ಮಾಡಿದ ಬಟ್ಟೆಯನ್ನು ಎಳೆದು ಹಿಗ್ಗಿಸಿದ ದಪ್ಪ ಪಟ್ಟಿಯ ಮೇಲೆ ಕೂರಿಸುತ್ತಾರೆ. ಪಟ್ಟಿ ಮತ್ತೆ ಕುಗ್ಗುವಾಗ ಬಟ್ಟೆಯೂ ಅದರ ಜೊತೆ ಕುಗ್ಗುತ್ತದೆ. ಹಳೆಯ ಕಾಲದ ಬಟ್ಟೆಗಳ ಮೇಲೆ 'ಸ್ಯಾನ್‌ಫರೈಸ್ಡ್' ಅಂತ ಮುದ್ರೆ ಇರುತ್ತಿತ್ತಲ್ಲ, ಅದು ಅವರ ಹೆಸರಿನಿಂದಲೇ ಬಂದದ್ದು. ಕೈಮಗ್ಗಕ್ಕೆ, ಖಾದಿಗೆ ಈ ಯಂತ್ರದ ಭಾಗ್ಯ ಸಾಮಾನ್ಯವಾಗಿ ಇಲ್ಲ. ಆ ಕೆಲಸ ನಿಮ್ಮ ಬಕೆಟ್ಟೇ ಮಾಡಬೇಕು. ಎರಡೂವರೆ ಮೀಟರ್ ಬೇಕಿದ್ದರೆ ಕಾಲು ಮೀಟರ್ ಜಾಸ್ತಿ ತೆಗೆದುಕೊಳ್ಳಿ. ರಾತ್ರಿ ನೆನೆಸಿ, ಹಿಂಡಬೇಡಿ, ನೆರಳಲ್ಲಿ ಹರಡಿ. ಆಮೇಲೆ ಟೇಲರ್ ಹತ್ತಿರ ಹೋಗಿ.

ಜುಬ್ಬಾಕ್ಕೇ ಅರ್ಧ ಸಮಯ ಹೋಯಿತು, ಮಿಕ್ಕದ್ದನ್ನು ಬೇಗ ಹೇಳುತ್ತೇನೆ.

ಉಣ್ಣೆಯದು ಬೇರೆ ಕಥೆ. ಅದರ ಎಳೆಯ ಮೇಲೆ ಒಂದೇ ದಿಕ್ಕಿಗೆ ಮುಖ ಮಾಡಿದ ಪೊರೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಏನು ಮಾಡಿದರೂ ಬಿಡಿಸಲಾಗುವುದಿಲ್ಲ. ತಣ್ಣೀರಿನಲ್ಲಿ ಅದ್ದಿ, ಒತ್ತಿ, ತೆಗೆಯಿರಿ. ಉಜ್ಜಲೇಬೇಡಿ.

ಮೈಸೂರು ಸಿಲ್ಕ್ ಕ್ರೇಪ್ ಸೀರೆಯ ನೂಲಿಗೆ ಹುರಿ ಜಾಸ್ತಿ. ನೀರು ತಾಗಿದರೆ ಹುರಿ ಮುದುಡುತ್ತದೆ. ಡ್ರೈ ಕ್ಲೀನಿಂಗ್‌ಗೆ ಕೊಡಿ, ಅಲ್ಲಿ ದುಡ್ಡು ಉಳಿಸಬೇಡಿ.

ರೇಯಾನ್ ಕುರ್ತಾ ಒದ್ದೆಯಾದಾಗ ನಿಶ್ಶಕ್ತ. ನೀರಿನ ಭಾರಕ್ಕೆ ಕೆಳಗೆ ಜೋಲುತ್ತದೆ. ಟೀ ಶರ್ಟು ನೇಯ್ದದ್ದಲ್ಲ, ಹೆಣೆದದ್ದು. ಕುಣಿಕೆಗಳು ಸಡಿಲವಾದರೆ ಉದ್ದ ಕಡಿಮೆಯಾಗಿ ಅಗಲ ಆಗುತ್ತದೆ. ಎರಡನ್ನೂ ತಂತಿಗೆ ನೇತು ಹಾಕುವ ಬದಲು ಚಾಪೆಯ ಮೇಲೆ ಹರಡಿ. ಅಮೆರಿಕದಲ್ಲಿರುವ ಮಗಳಿಗೂ ಹೇಳಿ, ಅಲ್ಲಿಯ ಬಿಸಿಗಾಳಿಯ ಡ್ರೈಯರ್‌ಗೆ ಹತ್ತಿ ಬಟ್ಟೆ ಹಾಕಿದರೆ ಇನ್ನೂ ಕುಗ್ಗುತ್ತದೆ ಅಂತ.

ಕೊನೆಯದಾಗಿ ಸೀರೆಯ ಫಾಲ್, ಬ್ಲೌಸಿನ ಲೈನಿಂಗ್. ಇವೆರಡನ್ನು ಮರೆಯುವವರೇ ಜಾಸ್ತಿ. ಸೀರೆ ಕುಗ್ಗದಿದ್ದರೂ ಒಳಗಿನ ಹತ್ತಿ ಫಾಲ್ ಕುಗ್ಗುತ್ತದೆ. ಆಗ ಅಂಚು ಎಳೆದುಕೊಂಡು ನಿರಿಗೆ ಸರಿಯಾಗಿ ಕೂರುವುದೇ ಇಲ್ಲ. ಬ್ಲೌಸಿನದೂ ಅದೇ ಗೋಳು. ಹೊರಗಿನದು ಹಾಗೇ ಇರುತ್ತದೆ, ಒಳಗಿನದು ಬಿಗಿ ಆಗುತ್ತದೆ. ಐದು ಸಾವಿರದ ಸೀರೆ ತಂದು, ಫಾಲ್ ನೆನೆಸೋಕೆ ಬೇಜಾರು ಅಂದರೆ ನನಗೆ ಸಿಟ್ಟು ಬರುತ್ತದೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು, ಇನ್ನು ಸ್ವಲ್ಪ ದಿನದಲ್ಲಿ ಟೇಲರ್‌ಗಳು ಬ್ಲೌಸ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಫಾಲ್ ಮತ್ತು ಲೈನಿಂಗ್ ಬಟ್ಟೆಯನ್ನು ಇವತ್ತು ರಾತ್ರಿಯೇ ನೆನೆಸಿಡಿ. ಬಣ್ಣ ಬಿಡುವ ಕೆಂಪು, ನೀಲಿ ಇದ್ದರೆ ಬೇರೆ ಬೇರೆ ಬಕೆಟ್ಟಿನಲ್ಲಿ. ನಮಸ್ಕಾರ.