ಬಾಟ್ಲಿ ತುಂಬೇ ಇತ್ತು

ಎಲ್ಲಾರಿಗೂ ಶರಣು ಶರಣಾರ್ಥಿ. ಹಿಂದ ಕುಂತವ್ರಿಗೆ ಮೈಕ್ ಕೇಳಸಾಕತ್ತೈತೇನ್ರಿ? ಫ್ಯಾನಿನ ಸಪ್ಪಳ ಭಾಳ ಐತಿ, ಆದ್ರ ಬಂದ್ ಮಾಡ್ರಿ ಅನ್ನೂ ಧೈರ್ಯ ನನಗಿಲ್ಲ, ಏಪ್ರಿಲ್ ತಿಂಗಳ ಬಿಜಾಪುರದಾಗ ಫ್ಯಾನ್ ಬಂದ್ ಮಾಡಿಸಿದಾವ್ನ ಭಾಷಣ ಯಾರು ಕೇಳ್ತಾರ.

ಮುಂದಿನ ಐತವಾರ ನಮ್ಮ ಬೈಕ್ ಮಂದಿದು ಹಂಪಿ ರೈಡ್ ಐತಿ. ಹೋಗೂದು ಹತ್ರ ಹತ್ರ 200 ಕಿಲೋಮೀಟರ್, ಬರೂದು ಅಷ್ಟೇ. ನಿಡಗುಂದಿ, ಇಳಕಲ್, ಕುಷ್ಟಗಿ ಹಾದಿ ಎಲ್ಲಾರಿಗೂ ಗೊತ್ತಿದ್ದದ್ದ ಐತಿ, ಬಿಸಿಲೂ ಗೊತ್ತಿದ್ದದ್ದ. ನಿಮಗ ನೀರು ಕುಡೀರಿ ಅಂತ ಹೇಳೂದು ಮೀನಿಗೆ ಈಜು ಕಲಿಸಿದಂಗ. ಆದ್ರ ಹೋದ ಮೀಟಿಂಗಿನಾಗ ಒಬ್ಬರು ಎದ್ದು ನಿಂತು 'ಸೊಲ್ಲಾಪುರದಿಂದ ನಾನ್‌ಸ್ಟಾಪ್ ಬಂದೇನ್ರಿ, ಕಾಲು ಕೆಳಗ ಇಡ್ಲಿಲ್ಲ' ಅಂದ್ರು, ನೀವೆಲ್ಲಾ ಚಪ್ಪಾಳಿ ಹೊಡದ್ರಿ. ನಾನೂ ಹೊಡದೆ. ಮನೀಗೆ ಹೋಗಿ ಮಲ್ಕೊಂಡ ಮ್ಯಾಲ ನಿದ್ದಿ ಬರ್ಲಿಲ್ಲ. ಆ ಚಪ್ಪಾಳಿ ವಾಪಸ್ ತಗೋಬೇಕಂತನ ಇವತ್ತು ಅಧ್ಯಕ್ಷರ ಕಡೆ 20 ನಿಮಿಷ ಬೇಡಿ ಇಸ್ಕೊಂಡೀನಿ.

ನಾ ಡಾಕ್ಟರ್ ಅಲ್ರಿ, ಮೊದ್ಲ ಹೇಳಿಬಿಡ್ತೀನಿ. ಮೆಡಿಕಲ್ ಅಂಗಡಿ ಇಟ್ಟಾಂವ, 22 ವರ್ಷ ಆತು ಗುಳಿಗಿ ಮಾರಾಕತ್ತು. ಬೇಸಿಗ್ಯಾಗ ನನ್ನ ಅಂಗಡ್ಯಾಗ ಹೆಚ್ಚು ಖರ್ಚಾಗೂದು ಎರಡ, ತಲಿನೋವಿನ ಗುಳಿಗಿ ಮತ್ತ ಓಆರ್‌ಎಸ್ ಪುಡಿ, ನೀರಾಗ ಕಲಿಸಿ ಕುಡಿಯೋ ಉಪ್ಪು-ಸಕ್ರಿ ಪುಡಿ. ತಲಿನೋವಿನ ಗುಳಿಗಿ ಕೇಳಿ ಬರೋ ಗಾಡಿ ಹುಡುಗ್ರಿಗೆ ನಾ ಮೊದ್ಲ ಒಂದು ಗ್ಲಾಸ್ ನೀರು ಕೊಡ್ತೀನಿ, ಅರ್ಧಾ ತಾಸು ಕುಂದ್ರಿಸ್ತೀನಿ. ಅರ್ಧಕ್ಕಿಂತ ಹೆಚ್ಚು ಮಂದಿ ಗುಳಿಗಿ ತಗೊಳ್ದ ಹೋಗ್ತಾರ. ಧಂಧೆ ಲುಕ್ಸಾನ್, ನಮ್ಮ ಮನ್ಯಾಕಿ ಬೈತಾಳ, ಇರ್ಲಿ.

ಈಗ ನನ್ನ ಕಥಿ. ಕೆಲವರು ಕೇಳೀರಿ, ಇನ್ನೊಮ್ಮೆ ಕೇಳ್ರಿ, ಏನೂ ಖರ್ಚಿಲ್ಲ.

ಆರು ವರ್ಷದ ಹಿಂದ, ಮೇ ತಿಂಗಳು. ಹುಬ್ಬಳ್ಳ್ಯಾಗ ನಮ್ಮ ಮಾವನ ಮನಿ ಶಾಂತಿ ಇತ್ತು. ಊಟ ಆಗಿ ಕುಂತಾಗ ನಮ್ಮ ಅಳಿಯ, ಅಂವಾ ಕಾರಿನಾಂವ, 'ಮಾಮಾ, ಈ ಬಿಸಿಲಾಗ ಬುಲೆಟ್ ಮ್ಯಾಲ ಬಿಜಾಪುರ ಮುಟ್ಟಾಕ ಸಂಜಿ ಆಗ್ತೈತಿ ನಿಮಗ' ಅಂದ. ಅಷ್ಟ ಸಾಕಾತು ನೋಡ್ರಿ. ಮೂರೂವರಿ ತಾಸಿನಾಗ ಮುಟ್ಟಿ ಫೋನ್ ಮಾಡ್ತೀನಿ, ಎಲ್ಲೂ ನಿಂದ್ರಂಗಿಲ್ಲ ಅಂತ ಸವಾಲ್ ಹಾಕಿದೆ. ನಮ್ಮ ಮನ್ಯಾಕಿ ಎರಡು ಲೀಟರಿನ ಸ್ಟೀಲ್ ಬಾಟ್ಲಿ ತುಂಬಿ ಸ್ಯಾಡಲ್ ಬ್ಯಾಗಿನಾಗ ಇಟ್ಲು. ಬ್ಯಾಗಿಗೆ ಬಕಲ್ ಎರಡು, ಮ್ಯಾಲ ನಾ ಹಗ್ಗ ಬಿಗದೆ, ಗಂಟು ಬ್ಯಾರೆ. ಅಂದ್ರ ನೀರು ಐತಿ, ಆದ್ರ ನೀರಿಗೂ ನನಗೂ ನಡುವ ಎರಡು ಬಕಲ್, ಒಂದು ಗಂಟು, ಒಂದು ಹೆಲ್ಮೆಟ್, ಒಂದು ಸವಾಲು.

ನರಗುಂದ ದಾಟೂತನ ಹುಲಿ ನಾನು. ಕೆರೂರ ಹತ್ರ ನಾಲಿಗಿ ಅಂಗಳಕ್ಕ ಅಂಟಾಕತ್ತು, ಇರ್ಲಿ ಅಂದೆ. ಗದ್ದನಕೇರಿ ಕ್ರಾಸಿನಾಗ ತಲಿ ಹಿಂಭಾಗ ಯಾರೋ ಗುದ್ದಿದಂಗ ಬ್ಯಾನಿ. ಲಾರಿ ಇಂಡಿಕೇಟರ್ ಹಾಕ್ಯಾನ, ನನ್ನ ಕಣ್ಣಿಗೆ ಕಾಣಾಕತ್ತೈತಿ, ಆದ್ರ ಅದರ ಅರ್ಥ ಏನು ಅನ್ನೂದು ತಲೀಗೆ ಹೋಗವಲ್ದು. ಕಿತ್ತಳಿ ಬಣ್ಣದ ದೀಪ ಪಿಳಿ ಪಿಳಿ ಅನ್ನಾಕತ್ತೈತಿ, ಚಂದ ಐತಲ್ಲ ಅಂತ ನೋಡ್ಕೋತ ಹೊಂಟೀನಿ! ಲಾರಿಯಾಂವ ಹಾರ್ನ್ ಹೊಡದು ಬೈದ ಮ್ಯಾಲ ಎಚ್ಚರ ಆತು. ಆಮ್ಯಾಲ ಮೈ ಮ್ಯಾಲ ಮುಳ್ಳು ಎದ್ದುವು, ಚಳಿ ಹತ್ತಿದಂಗಾತು. 40 ಡಿಗ್ರಿ ಬಿಸಿಲಾಗ ಚಳಿ! ಇದನ್ನ ನೆನಪಿಟ್ಕೋರಿ, ಸುಡು ಬಿಸಿಲಾಗ ಚಳಿ ಬಂತಂದ್ರ ಗಾಡಿ ಅಲ್ಲೇ ನಿಂದ್ರಿಸ್ಬೇಕು, ಮುಂದಿನ ಊರು ಬರ್ಲಿ ಅನ್ನಬಾರ್ದು.

ನನಗ ಆ ಬುದ್ಧಿ ಬರ್ಲಿಲ್ಲ, ಕೃಷ್ಣಾ ಹೊಳಿ ಬ್ರಿಜ್ ಬಂತು. ಕೊಲ್ಹಾರ. ಅಲ್ಲಿ ರೋಡ್ ಬಾಜೂ ಮೊಸರಿನ ಗಡಿಗಿ ಇಟ್ಕೊಂಡು ಕುಂದಿರತಾರಲ್ಲ, ಡಬ್ಬ ಹಾಕಿದ್ರೂ ಬೀಳದ ಮೊಸರು. ಯಾಕ ನಿಂದ್ರಿಸಿದ್ನೋ ಗೊತ್ತಿಲ್ಲ, ನಿಂದ್ರಿಸಿದೆ, ಇಳದೆ. ಸೈಡ್ ಸ್ಟ್ಯಾಂಡ್ ಹಾಕೂದು ಮರ್ತೆ. ಗಾಡಿ ಧಡಲ್ ಅಂತ ಬಿತ್ತು, ನಾ ಅದನ್ನ ನೋಡ್ಕೋತ ನಿಂತೀನಿ, ಬ್ಯಾರೇವ್ರ ಗಾಡಿ ಬಿದ್ದಂಗ. ಮೊಸರು ಮಾರೋ ಆಯಿ ಒಬ್ಬಾಕಿ ಎದ್ದು ಬಂದು 'ಯಾವೂರಾತೋ ತಮ್ಮಾ' ಅಂದ್ಲು. ಹೇಳಾಕ ಬಾಯಿ ತೆಗದೆ, ಊರ ಹೆಸರು ಬರವಲ್ದು. ಕೈ ಮಾಡಿ ತೋರ್ಸಿದೆ, ಅದೂ ಉಲ್ಟಾ, ಬಾಗಲಕೋಟಿ ಕಡೆ.

ಆಯಿ ಶಾಣ್ಯಾಕಿ. ಕೈ ಹಿಡದು ತಗಡಿನ ನೆಳ್ಳಾಗ ಕುಂದ್ರಿಸಿದ್ಲು, ಜಾಕೆಟ್ ಬಿಚ್ಚಿಸಿದ್ಲು. ನೀರು ಹುಡುಕ್ಕೋತ ನನ್ನ ಬ್ಯಾಗಿನ ಗಂಟು ಹಲ್ಲಿಲೆ ಬಿಚ್ಚಿ ಬಾಟ್ಲಿ ತಗದು ಅಲ್ಲಾಡಿಸಿ ನೋಡಿದ್ಲು. 'ಅಯ್ಯ ನನ ಶಿವನ, ಬಾಟ್ಲಿ ತುಂಬೇ ಐತಲ್ಲೋ! ಯಾರಿಗಂತ ಹೊತ್ಕೊಂಡು ಹೊಂಟಿ ಇದನ್ನ?'

ಈ ಪ್ರಶ್ನಿ ಕೇಳಾಕನ ನಾ ಇಲ್ಲಿ ಬಂದೀನಿ ಅಂತ ತಿಳಕೋರಿ.

ಬಾಟ್ಲಿ ನೀರು ಚಾ ಆಗಿತ್ತು, ಅದನ್ನ ನನ್ನ ತಲಿ ಮ್ಯಾಲ, ಕುತಗಿ ಮ್ಯಾಲ ಸುರುವಿದ್ಲು. ತನ್ನ ಕೊಡದಾಗಿನ ತಣ್ಣೀರಾಗ ಒಂದು ಹಿಡಿ ಮೊಸರು ಕೈಲೆ ಕಿವುಚಿ, ಚಿಟಿಕಿ ಉಪ್ಪು ಹಾಕಿ, ಸ್ಟೀಲ್ ಗ್ಲಾಸಿನಾಗ ಕೊಟ್ಲು, ಗಟಗಟ ಕುಡೀಬ್ಯಾಡ, ಗುಟುಕು ಗುಟುಕು ಕುಡಿ ಅಂದ್ಲು. ಮೂರು ಗ್ಲಾಸ್. ಒಂದು ತಾಸಿನ ಮ್ಯಾಲ ನನ್ನ ಹೆಸರು ನನಗ ಸರಿಯಾಗಿ ನೆನಪಾತು. ರೊಕ್ಕ ಕೊಡಾಕ ಹೋದ್ರ ಮೊಸರಿಂದಷ್ಟ ತಗೊಂಡ್ಲು, ನೀರಿಗೆ ಯಾರರ ರೊಕ್ಕ ತಗೋತಾರೇನು ಅಂದ್ಲು. ಅಳಿಯಗ ನಾ ಫೋನ್ ಮಾಡ್ಲಿಲ್ಲ ಬಿಡ್ರಿ.

ಹಂಗಾರ ಏನಾಗಿತ್ತು ನನಗ? ಗಾಳಿ ಮೋಸ ಮಾಡಿತ್ತು. ಹೊಲದಾಗ ಕೆಲಸ ಮಾಡಾವ್ನ ಅಂಗಿ ತೊಯ್ತೈತಿ, ಅವ್ಗ ಬೆವರು ಕಾಣತೈತಿ. ಗಾಡಿ ಮ್ಯಾಲ ಬೆವರು ಚರ್ಮದ ಮ್ಯಾಲ ಬರೂದ್ರಾಗ ಗಾಳಿ ಅದನ್ನ ಒಣಗಿಸಿ ಒಯ್ದಿರ್ತೈತಿ, ನಮ್ಮ ಕಡೆ ಹವಾ ಒಣಾ ಅಲ್ಲೇನ್ರಿ. ಮೈ ಒಣಗಿ ಐತಿ, ಬೆವರೇ ಬರಾಕತ್ತಿಲ್ಲ ಅಂತ ನಾವು ಆರಾಮ ಇರ್ತೀವಿ. ನಮ್ಮ ಚರ್ಮದ ಕಾವು ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಹೆಚ್ಚು ಕಾದಿದ್ರ, ಜೋರ್ ಹೋದಷ್ಟೂ ತಣ್ಣಗಾಗಂಗಿಲ್ಲ, ಬೇಯ್ತೀರಿ. ಅದಕ್ಕ ಬಿಸಿಲೈತಿ ಅಂತ ಜಾಕೆಟ್ ಬಿಚ್ಚಿ ಬನಿಯನ್ ಮ್ಯಾಲ ಹೋಗೂದು ತಪ್ಪು ಲೆಕ್ಕ. ಒಳಗ ತೊಯ್ದ ಟೀಶರ್ಟ್, ಮ್ಯಾಲ ಜಾಕೆಟ್, ಕುತಗಿಗೆ ಹಸಿ ಟಾವೆಲ್, ಇದು ನಮ್ಮ ಕಡೆ ಏರ್ ಕೂಲರ್ ಇದ್ದಂಗ. ಆದ್ರ ಬೆಳಗಾವಿಯವ್ರು ಕುಂತೀರಿ, ನೀವು ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋದ್ರ ಈ ಆಟ ನಡ್ಯಂಗಿಲ್ಲ, ಅಲ್ಲಿ ಹವಾದಾಗನ ನೀರೈತಿ, ಟೀಶರ್ಟ್ ಒಣಗಂಗೇ ಇಲ್ಲ, ಬರೇ ಮೈ ಕೆರೀತೈತಿ.

ಆ ಘಟನಿ ಆದ ಮ್ಯಾಲ ನಾ ಒಂದು ಹುಚ್ಚು ಹಚ್ಕೊಂಡೆ. ಅಂಗಡ್ಯಾಗ ತೂಕದ ಮಷಿನ್ ಐತಿ. ಬಾದಾಮಿಗೆ ಹೋಗಿ ಬರೂದಿತ್ತು, ಹೋಗೂಕಿಂತ ಮೊದ್ಲ ನಿಂತೆ, 78.4. ಬಂದ ಮ್ಯಾಲ ನಿಂತೆ, 76.6. ನಡುವ ಊಟ, ಚಾ, ಒಂದು ಲೀಟರ್ ನೀರು ಎಲ್ಲಾ ಆಗಿತ್ತು ಮತ್ತ! ನಮ್ಮ ಮನ್ಯಾಕಿ ದಿನಾ ಬಾದಾಮಿಗೆ ಹೋಗಿ ಬರ್ರಿ ತೆಳ್ಳಗ ಆಗ್ತೀರಿ ಅಂದ್ಲು. ಅದು ಕೊಬ್ಬಲ್ರಿ, ನೀರು. ಮೈ ತೂಕದ 2 ಪರ್ಸೆಂಟ್ ನೀರು ಹೋತಂದ್ರ ಲಕ್ಷ್ಯ ತಪ್ಪಾಕ ಶುರು ಆಗ್ತೈತಿ ಅಂತ ಡಾಕ್ಟರ್ ಮಂದಿ ಹೇಳ್ತಾರ, 70 ಕಿಲೋದಾವ್ಗ ಅದು ಒಂದೂವರಿ ಲೀಟರಿಗಿಂತ ಕಡಿಮಿ. ಬಾಯಾರಿಕಿ ಆಗೂದ್ರಾಗ ಅದರಾಗಿಂದ ಅರ್ಧ ಹೋಗೇ ಬಿಟ್ಟಿರ್ತೈತಿ. ಲಾರಿ ಇಂಡಿಕೇಟರ್ ಚಂದ ಕಾಣಾಕತ್ತೂದು ಆವಾಗನ.

ಎಷ್ಟು ಕುಡೀಬೇಕು ಅಂತ ಕೇಳ್ತೀರಿ. ಬಿಸಿಲಾಗ ದುಡಿಯೋ ಮಂದಿಗೆ ಹೇಳೋ ಲೆಕ್ಕ ಐತಿ, 15-20 ನಿಮಿಷಕ್ಕ ಒಂದು ಗ್ಲಾಸ್. ತಾಸಿಗೆ ಒಂದೂವರಿ ಲೀಟರ್ ದಾಟಬಾರ್ದು, ಯಾಕಂದ್ರ ಬರೇ ನೀರು ವಿಪರೀತ ಕುಡದ್ರ ರಕ್ತದಾಗಿನ ಸೋಡಿಯಂ ಇಳದು ಅದೂ ತಲೀಗೆ ಏರ್ತೈತಿ. ಬೆವರಿನ ಜೋಡಿ ಉಪ್ಪೂ ಹೋಗಿರ್ತೈತಿ, ಜಾಕೆಟಿನ ಮ್ಯಾಲ ಬಿಳೇ ಗೆರಿ ಬೀಳ್ತಾವಲ್ಲ ಅದ. ಅದಕ್ಕ ಓಆರ್‌ಎಸ್. 1971ರಾಗ ಬಾಂಗ್ಲಾ ಯುದ್ಧದ ಟೈಮಿನಾಗ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಿನಾಗ ಕಾಲರಾ ಬಂದು ಸಲೈನ್ ಬಾಟ್ಲಿ ಮುಗದಾಗ, ದಿಲೀಪ್ ಮಹಾಲನಬಿಸ್ ಅನ್ನೋ ಡಾಕ್ಟರ್ ಉಪ್ಪು, ಗ್ಲೂಕೋಸ್, ಅಡಗಿ ಸೋಡಾ ಡ್ರಮ್ಮಿನಾಗ ನೀರಿಗೆ ಕಲಿಸಿ ಜನಕ್ಕ ಕುಡಿಸಿದ್ರು, 30 ಪರ್ಸೆಂಟ್ ಹತ್ರ ಇದ್ದ ಸಾವು 4ಕ್ಕಿಂತ ಕೆಳಗ ಬಂತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಾಗ, ಅವರು ತೀರಿಕೊಂಡ ಮ್ಯಾಲ. ನಮ್ಮ ದೇಶ ನೋಡ್ರಿ. ಅದರ ಗುಟ್ಟು ಇಷ್ಟ, ನಮ್ಮ ಕರುಳಿನಾಗ ಸಕ್ರಿ ಒಳಗ ಹೋಗೂ ಮುಂದ ಉಪ್ಪಿನ ಕೈ ಹಿಡ್ಕೊಂಡ ಹೋಗ್ತೈತಿ, ಅವೆರಡರ ಬೆನ್ನ ಹಿಂದ ನೀರು. ಮನ್ಯಾಗ ಮಾಡೂದಾದ್ರ ಒಂದು ಲೀಟರಿಗೆ ಆರು ಸಣ್ಣ ಚಮಚಿ ಸಕ್ರಿ, ಅರ್ಧ ಚಮಚಿ ಉಪ್ಪು, ಮಟ್ಟಸ ಅಳತಿ, ಗುಡ್ಡಿ ಹಾಕಬ್ಯಾಡ್ರಿ. ಇಂಡಿ ಲಿಂಬಿ ಹಿಂಡ್ಕೋರಿ, ಜಿಐ ಟ್ಯಾಗ್ ಇರೋ ಲಿಂಬಿ ನಮ್ಮ ಜಿಲ್ಲಾದಾಗ ಬೆಳದು ನಾವು ಬಣ್ಣದ ನೀರಿನ ಬಾಟ್ಲಿ ಯಾಕ ಖರೀದಿ ಮಾಡ್ಬೇಕು. ಬಿಪಿ, ಶುಗರ್, ಕಿಡ್ನಿ ತ್ರಾಸ ಇದ್ದವ್ರು ನಿಮ್ಮ ಡಾಕ್ಟರ್‌ನ ಕೇಳಿ ಕುಡೀರಿ, ನನ್ನ ಮ್ಯಾಲ ಹಾಕಬ್ಯಾಡ್ರಿ.

ಹೆಲ್ಮೆಟ್ ತಗ್ಯಾಕ ಬ್ಯಾಸರ ಅನ್ನವ್ರಿಗೆ ಬೆನ್ನಿಗೆ ಹಾಕ್ಕೊಳ್ಳೋ ನೀರಿನ ಚೀಲ ಬಂದಾವ, ನಳಿಗಿ ಬಾಯಿ ತನಕ ಬರ್ತೈತಿ. ಅದು ಹುಟ್ಟಿದ್ದು 1989ರಾಗ, ಟೆಕ್ಸಾಸಿನ ಸುಡು ಬಿಸಿಲಿನ ಸೈಕಲ್ ರೇಸಿನಾಗ. ಆ್ಯಂಬುಲೆನ್ಸ್ ಕೆಲಸದಾಂವ ಒಬ್ಬ ಸಲೈನ್ ಚೀಲಕ್ಕ ನೀರು ತುಂಬಿ, ಕಾಲ್ಚೀಲದಾಗ ತುರುಕಿ, ಅಂಗಿ ಬೆನ್ನಿಗೆ ಸಿಗಿಸ್ಕೊಂಡು, ನಳಿಗಿಗೆ ಬಟ್ಟಿ ಒಣಗ್ಹಾಕೂ ಕ್ಲಿಪ್ ಹಚ್ಚಿದ. ಹೊಲಕ್ಕ ಹೋಗೂ ಮುಂದ ನಮ್ಮ ಅಜ್ಜ ಹೆಗಲಿಗೆ ನೀರಿನ ತತ್ರಾಣಿ ಹಾಕ್ಕೊಂಡು ಹೋಗ್ತಿದ್ದ, ನಮಗ ಪೇಟೆಂಟ್ ಮಾಡಾಕ ಹೊಳೀಲಿಲ್ಲ ಅಷ್ಟ. ಒಂದು ಉಪಾಯ, ಕುಡದ ಮ್ಯಾಲ ನಳಿಗ್ಯಾಗ ಊದಿ ಉಳದ ನೀರು ಚೀಲಕ್ಕ ಹಿಂದ ಕಳಸ್ರಿ, ಇಲ್ಲಾಂದ್ರ ಮುಂದಿನ ಗುಟುಕು ಕುದಿಯೋ ನೀರ ಬರ್ತೈತಿ.

ಅಧ್ಯಕ್ಷರು ಗಡಿಯಾರ ನೋಡಾಕತ್ತಾರ. ಹಿಂದಿಂದ ಸೂಸಲದ ಒಗ್ಗರಣಿ ವಾಸನಿನೂ ಬಂತು, ಇನ್ನ ನಿಮ್ಮನ್ನ ಹಿಡಿಯೂದು ನನ್ನ ಕೈಲಿಲ್ಲ. ಮೂರು ಮಾತು ಉಳದಾವ, ಓಡಸ್ತೀನಿ. ಹಿಂದಿನ ರಾತ್ರಿ ಪಾರ್ಟಿ ಬ್ಯಾಡ, ಯಾರಿಗೆ ಹೇಳಾಕತ್ತೀನಿ ಅವ್ರಿಗೆ ಗೊತ್ತೈತಿ. ಯಾರರ ತೊದಲಾಕತ್ತಿದ್ರ, ದಿಕ್ಕು ತಪ್ಪಿದಂಗ ಮಾತಾಡಿದ್ರ, ಮೊದ್ಲ ನೆಳ್ಳು, ಮೈ ಮ್ಯಾಲ ನೀರು, ಗಾಳಿ, ಕೂಡ್ಲೇ 108. ಎಚ್ಚರಿಲ್ಲದಾವ್ನ ಬಾಯಾಗ ನೀರು ಹಾಕಬ್ಯಾಡ್ರಿ.

ಮೂರನೇದು ಹೆಣ್ಣುಮಕ್ಕಳ ಸಲುವಾಗಿ. ಹೋದ ವರ್ಷ ಪಿಲಿಯನ್ ಕುಂತ ತಂಗೆಮ್ಮಗೋಳು ಮುಂಜಾನಿಂದ ನೀರ ಮುಟ್ಟಿದ್ದಿಲ್ಲ, ಯಾಕಂತ ಕೇಳೂದೂ ಬ್ಯಾಡ. ಪೆಟ್ರೋಲ್ ಬಂಕಿನಾಗ ಕುಡಿಯೋ ನೀರು, ಶೌಚಾಲಯ ಪುಕ್ಕಟೆ ಇಡಬೇಕಂತ ನಿಯಮ ಐತಿ, ಆದ್ರ ಹೋದ ಸಲ ಒಂದು ಬಂಕಿನಾಗ ಕೀಲಿ ಯಾರ ಕಡೆ ಐತಿ ಅಂತ ಹುಡುಕೂದ್ರಾಗ ಕಾಲು ತಾಸು ಹೋತು. ಈ ಸಲ ನಾನೂ ನಮ್ಮ ಮನ್ಯಾಕಿನೂ ಮೊನ್ನೆ ಹಾದಿ ಹಿಡದು ಹೋಗಿ ಕೀಲಿ ಸಿಗೋ ಬಂಕು ಯಾವಾವು ಅಂತ ನೋಡಿ ಬಂದೀವಿ, ಎಲ್ಲಾ ಗಾಡಿ ಅಲ್ಲಲ್ಲೇ ನಿಂದ್ರೂದು. ನಾನ್‌ಸ್ಟಾಪ್ ಹೋಗ್ತೀನಿ ಅನ್ನವ್ರು ಹೋಗ್ರಿ, ಬಾಟ್ಲಿ ತುಂಬೇ ಇರ್ತೈತಿ.

ಐತವಾರ ಮುಂಜಾನೆ 5ಕ್ಕ ಗೋಳಗುಮ್ಮಟದ ಮುಂದ ತೂಕದ ಮಷಿನ್ ತಂದಿಟ್ಟಿರ್ತೀನಿ, ಜೋಡಿ ಒಂದು ನೋಟ್‌ಬುಕ್. ಎಲ್ಲಾರೂ ನಿಂತು ಹೆಸರು, ಕಿಲೋ ಬರಸ್ಬೇಕು, ರಾತ್ರಿ ವಾಪಸ್ ಬಂದ ಮ್ಯಾಲ ಇನ್ನೊಮ್ಮೆ. ಬೂಟ್ ಬಿಚ್ಚಿ ನಿಂದರ್ರಿ, ಮತ್ತ ಕಿಸೆದಾಗಿನ ಮೊಬೈಲ್, ಪಾನಾ, ಪವರ್ ಬ್ಯಾಂಕ್ ಎಲ್ಲಾ ತಗೀರಿ. ನಮ್ಮ ಖಜಾಂಚಿ ಸಾಹೇಬ್ರದ ಹೋದ ಸಲ ಸಂಜಿ ತೂಕ ಎರಡು ಕಿಲೋ ಹೆಚ್ಚ ಬಂದಿತ್ತು, ನಾ ಮಷಿನ್ ಕೆಟ್ಟೈತಿ ಅಂತ ರಿಪೇರಿಗೆ ಕೊಟ್ಟೆ, ಆಮ್ಯಾಲ ಗೊತ್ತಾತು ಅವರ ಜಾಕೆಟಿನ ಕಿಸೆದಾಗ ಅಮೀನಗಡ ಕರದಂಟು ಇದ್ದುವು.