ಮಾಗಿಯ ಚಳಿ, ಪಂಜರದ ಹಕ್ಕಿ

ಕೇಳುಗರಿಗೆ ನಮಸ್ಕಾರ. ಮಾಗಿಯ ಚಳಿ ಹಾಸನಕ್ಕೆ ಕಾಲಿಟ್ಟಿದೆ. ಮನೆಯಲ್ಲಿ ಹಕ್ಕಿ ಸಾಕಿದವರು ಅದಕ್ಕೆ ಏನು ಹೊದಿಸೋಣ ಎಂದು ಚಡಪಡಿಸುವ ಕಾಲ.

ಹೊದಿಕೆ ಅದರ ಮೈಮೇಲೇ ಇದೆ. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಡ್ಜಿಯನ್ನು ಕತ್ತಲಾಗುವ ಹೊತ್ತಿಗೆ ಗಮನಿಸಿ. ಪುಕ್ಕ ಉಬ್ಬಿಸಿ ಉಂಡೆಯಾಗುತ್ತದೆ. ಗರಿಗಳ ನಡುವೆ ಸಿಕ್ಕ ಗಾಳಿಯೇ ಅದರ ಕಂಬಳಿ. ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ತೂರಿಸಿ, ಒಂದು ಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುತ್ತದೆ. ಒಳಗಿನ ಬಿಸಿ 40ರಿಂದ 42 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಆಸ್ಟ್ರೇಲಿಯಾದ ಒಣ ಒಳನಾಡಿನ ಕುಲ ಅದು, ಅಲ್ಲೂ ರಾತ್ರಿ ಕೊರೆಯುತ್ತದೆ. ಆರೋಗ್ಯವಾಗಿರುವ ಹಕ್ಕಿ ನಮ್ಮ ಜನವರಿಯನ್ನು ತಡೆದುಕೊಳ್ಳುತ್ತದೆ.

ಕಂಟಕ ಇರುವುದು ಬೀಸುಗಾಳಿಯಲ್ಲಿ, ತೇವದಲ್ಲಿ. ನನ್ನನ್ನು ಕೇಳಿದರೆ ಸಕಲೇಶಪುರ, ಮೂಡಿಗೆರೆ ಕಡೆಯವರು ಮಾಗಿಗಿಂತ ಆಷಾಢಕ್ಕೇ ಹೆದರಬೇಕು. ಪುಕ್ಕ ನೆನೆದರೆ ಅದರಲ್ಲಿ ಗಾಳಿ ನಿಲ್ಲುವುದಿಲ್ಲ. ಜಗಲಿಯ ಪಂಜರಕ್ಕೆ ಇರಚಲು ಹೊಡೆಯುತ್ತದೆ, ಒಳಗೆ ತನ್ನಿ. ರಾತ್ರಿ ಮೂರು ಬದಿಗೆ ಹಳೇ ಪಂಚೆ ಹೊದಿಸಿ, ಒಂದು ಬದಿ ಬಿಡಿ. ಕೂರಲು ಕಬ್ಬಿಣದ ಸರಳಿನ ಬದಲು ಸೀಬೆ ಕೊಂಬೆ ಕಟ್ಟಿ. ಔಷಧಿ ಹೊಡೆದ ಕಾಫಿ ಕೊಂಬೆ ಬೇಡ.

ಬೆಚ್ಚಗಿರಲಿ ಎಂದು ಅಡುಗೆಮನೆಯಲ್ಲಿ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಖಾಲಿ ನಾನ್‌ಸ್ಟಿಕ್ ತವಾ ವಿಪರೀತ ಕಾದಾಗ ಹೊರಡುವ ಆವಿಗೆ ಅದು ನಿಮಿಷಗಳಲ್ಲಿ ಸಾಯಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಹಕ್ಕಿಗಷ್ಟೇ ಅಲ್ಲ, ಅಲ್ಲಿ ಮಲಗಿದವರಿಗೂ ಅಪಾಯ.

ಇನ್ನು ಹೊಟ್ಟೆಯ ವಿಚಾರ. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಸೋರಿಹೋಗುತ್ತದೆ. ಸಂಜೆ ಹೊಟ್ಟೆತುಂಬ ತಿಂದರೇನೇ ರಾತ್ರಿ ಕಳೆಯುವುದು. ಬಟ್ಟಲು ತುಂಬ ನವಣೆ ಇದೆ ಎಂದು ಸುಮ್ಮನಾಗಬೇಡಿ. ಒಮ್ಮೆ ಊದಿ ನೋಡಿ, ಮೇಲಿನದೆಲ್ಲ ಬರೀ ಹೊಟ್ಟು, ಹಾರಿಹೋಗುತ್ತದೆ. ಚಳಿಯಲ್ಲಿ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಭಯವಿದೆ, ಗೂಡಿನ ಮಡಕೆ ಸದ್ಯಕ್ಕೆ ತೆಗೆದಿಡಿ.

ಹಗಲು ಬಿಸಿಲೇರಿದ ಮೇಲೂ ಪುಕ್ಕ ಇಳಿಸದಿದ್ದರೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡಿದರೆ, ಪಂಜರದ ತಳದಲ್ಲಿ ಮುದುರಿ ಕೂತರೆ, ಅದು ಚಳಿಯಲ್ಲ, ಕಾಯಿಲೆ. ಅಂದೇ ವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅಲ್ಲಿಗೆ ಹೋಗುವವರೆಗೆ ಪಂಜರದ ಒಂದು ಬದಿಯ ಹೊರಗೆ ಬಲ್ಬ್ ಹಚ್ಚಿಡಿ. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯುವಂತಿರಲಿ. ಬಲ್ಬ್ ಹಳೇ ಕಾಲದ ತಂತಿಯದ್ದೇ ಆಗಬೇಕು, ಎಲ್‌ಇಡಿಯ ಬೆಳಕಿನಲ್ಲಿ ಕಾವಿಲ್ಲ.