ಅಮ್ಮ ಅಲ್ಲ, ಔಷಧಿಯ ಗುಳ್ಳೆ

ಕೇಳುಗರಿಗೆ ನಮಸ್ಕಾರ. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಕೀಮೋ ಕೊಡುವ ವಾರ್ಡಿನ ನರ್ಸ್.

ಹೋದ ಏಪ್ರಿಲ್‌ನಲ್ಲಿ ಜೀನ್ಸ್ ಹೊಲಿಯುವ ಯಜಮಾನರೊಬ್ಬರು ಮೂರನೇ ಡೋಸಿಗೆ ಬರಲಿಲ್ಲ. ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಫೋನ್ ಮಾಡಿದೆ. ಹೆಂಡತಿ ಎತ್ತಿಕೊಂಡರು. "ಮೈಮ್ಯಾಲ ಅಮ್ಮ ಎದ್ದಾಳ್ರೀ ಸಿಸ್ಟರ್. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟೀವಿ. ಅಮ್ಮ ಇಳಿಯೋತನಾ ಸೂಜಿ ಬ್ಯಾಡ್ರೀ."

ಕರೆಸಿಕೊಂಡು ನೋಡಿದೆವು. ಮೂಗು, ಕೆನ್ನೆ, ಎದೆ, ಬೆನ್ನಿನ ಮೇಲ್ಭಾಗದ ತುಂಬ ಕೀವು ತುಂಬಿದ ಸಣ್ಣ ಸಣ್ಣ ಗುಳ್ಳೆ. ಬೇವು ಅರೆದು ಹಚ್ಚಿ, ಅದು ಒಣಗಿ, ಚರ್ಮ ಬಿರಿದಿತ್ತು. ಅಮ್ಮನೂ ಅಲ್ಲ, ಉಷ್ಣವೂ ಅಲ್ಲ, ಬದನೆಕಾಯಿ ತಿಂದದ್ದರ ನಂಜೂ ಅಲ್ಲ. ಇದು ನಾವೇ ಸೂಜಿಯಲ್ಲಿ ಕೊಟ್ಟ ಔಷಧಿಯ ಕೆಲಸ. "ಗುಳ್ಳೆ ಏಳಬಹುದು" ಎಂದು ನಾನು ಮೊದಲ ದಿನವೇ ಹೇಳಿದ್ದೆ, ನಿಜ. ಆದರೆ ಇಪ್ಪತ್ತು ಮಾತಿನ ನಡುವೆ ಒಂದು ಮಾತಾಗಿ ಹೇಳಿದ್ದೆ. ತಪ್ಪು ನನ್ನದೇ.

ಇಂಥ ಗುಳ್ಳೆ ಎಬ್ಬಿಸುವ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಎರಡು ಔಷಧಿಗಳಿವೆ. ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಮೊದಲನೆಯದಕ್ಕೆ 2004ರಲ್ಲಿ, ಎರಡನೆಯದಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆಯ ಚೂರಿನಲ್ಲಿ, ಕಣದ ಬೆಳವಣಿಗೆಗೆ ಸಂಬಂಧಿಸಿದ ರಾಸ್ ಎಂಬ ಜೀನ್ ಪರೀಕ್ಷೆ ಮಾಡಿ, ಅದು ಕೆಟ್ಟಿಲ್ಲದಿದ್ದರೆ ಮಾತ್ರ ಇವನ್ನು ಕೊಡುತ್ತಾರೆ. ಕ್ಯಾನ್ಸರ್ ಕಣಕ್ಕೆ "ಬೆಳೆ, ಬೆಳೆ" ಎಂದು ಸುದ್ದಿ ಮುಟ್ಟಿಸುವ ಇ.ಜಿ.ಎಫ್.ಆರ್. ಎಂಬ ಬಾಗಿಲನ್ನು ಇವು ಮುಚ್ಚುತ್ತವೆ. ತೊಂದರೆ ಏನೆಂದರೆ ಅದೇ ಬಾಗಿಲು ಚರ್ಮದಲ್ಲೂ ಇದೆ, ಕೂದಲಿನ ಬುಡದಲ್ಲೂ ಉಗುರಿನ ಸುತ್ತಲೂ ಇದೆ. ತುಂಗಭದ್ರಾ ಕಾಲುವೆಯ ತೂಬು ಮುಚ್ಚಿದರೆ ಕಳೆ ಬೆಳೆದ ಹೊಲಕ್ಕೂ ನೀರಿಲ್ಲ, ಪಕ್ಕದ ಭತ್ತದ ಗದ್ದೆಗೂ ಇಲ್ಲ. ಹಾಗೇ ಇದು.

ಈ ಔಷಧಿ ತಗೊಂಡವರಲ್ಲಿ ಹೆಚ್ಚಿನವರಿಗೆ ಒಂದೆರಡು ವಾರದಲ್ಲೇ ಗುಳ್ಳೆ ಏಳುತ್ತದೆ. ಮೊಡವೆಯ ಹಾಗೆ ಕಂಡರೂ ಮೊಡವೆ ಅಲ್ಲ, ಮೊಡವೆ ಕ್ರೀಮು ಹಚ್ಚಿದರೆ ಚರ್ಮ ಇನ್ನಷ್ಟು ಒಣಗುತ್ತದೆ. ಗುಳ್ಳೆ ಚೆನ್ನಾಗಿ ಎದ್ದವರಲ್ಲಿ ಔಷಧಿಯೂ ಚೆನ್ನಾಗಿ ಹಿಡಿಯುವುದನ್ನು ಡಾಕ್ಟರುಗಳು ಗಮನಿಸಿದ್ದಾರೆ. ಹಾಗಂತ ಏಳದವರು ಹೆದರಬೇಕಿಲ್ಲ.

ಏಳುವ ತನಕ ಯಾಕೆ ಕಾಯಬೇಕು? 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಔಷಧಿಯ ಜೊತೆಜೊತೆಗೇ ಚರ್ಮದ ಆರೈಕೆಯನ್ನೂ ಶುರು ಮಾಡಿದರು. ತೇವ ಹಿಡಿಯುವ ಕ್ರೀಮು, ಸನ್‌ಸ್ಕ್ರೀನ್, 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಕ್ರೀಮು, ಜೊತೆಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಗುಳಿಗೆ, ಆರು ವಾರ. ಗುಳ್ಳೆ ಎದ್ದ ಮೇಲೆ ಆರೈಕೆ ಪಡೆದವರಲ್ಲಿ ನೂರಕ್ಕೆ 62 ಮಂದಿಗೆ ಚರ್ಮದ ತೊಂದರೆ ಮಧ್ಯಮ ಇಲ್ಲವೇ ಅದಕ್ಕಿಂತ ಜೋರಾಗಿತ್ತು. ಮುಂಚಿತವಾಗಿ ಪಡೆದವರಲ್ಲಿ ನೂರಕ್ಕೆ 29 ಮಂದಿಗೆ ಮಾತ್ರ. ಆದ್ದರಿಂದ ಮೊದಲ ಸೂಜಿಯ ದಿನವೇ ಡಾಕ್ಟರನ್ನು ಕೇಳಿ: "ಚರ್ಮಕ್ಕೆ ಏನು ಬರೀತೀರಿ ಸರ್?" ಮೆಡಿಕಲ್ ಶಾಪಿನವರು ಕೈಗೆ ಕೊಡುವ ಟ್ಯೂಬನ್ನು ಹಚ್ಚಬೇಡಿ. ಅವುಗಳಲ್ಲಿ ಎಷ್ಟೋ ಟ್ಯೂಬಿನಲ್ಲಿ ಜೋರು ಸ್ಟೀರಾಯ್ಡ್ ಇರುತ್ತದೆ.

ಡಾಕ್ಸಿಸೈಕ್ಲಿನ್ ನುಂಗುವವರ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ನಮ್ಮೂರಿನ ಬಿಸಿಲನ್ನು ನಾನು ನಿಮಗೆ ವರ್ಣಿಸಬೇಕೇ? ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಟವಲು, ಕೈಯಲ್ಲಿ ಕೊಡೆ. ಗಂಡಸರು ಕೊಡೆ ಹಿಡಿಯಲು ಯಾಕೆ ನಾಚುತ್ತಾರೋ ನನಗಿನ್ನೂ ತಿಳಿದಿಲ್ಲ.

ಒಂದೆರಡು ತಿಂಗಳಿಗೆ ಗುಳ್ಳೆಯ ಕಾಟ ಇಳಿದು ಬೆರಳಿನ ಕಾಟ ಹತ್ತುತ್ತದೆ. ಬೆರಳ ತುದಿ ಬ್ಲೇಡಿನಿಂದ ಕೊಯ್ದ ಹಾಗೆ ಸೀಳುತ್ತದೆ. ಯಜಮಾನರಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತು ಉರಿ ತಡೆಯಲಾರದೆ ಎದ್ದರಂತೆ. ಕಾಲಿನ ಹೆಬ್ಬೆರಳಿಗೆ ಉಗುರುಸುತ್ತು ಬೇರೆ. ಅದಕ್ಕೆ ನಿಂಬೆಹಣ್ಣು ತೂರಿಸುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ, ಸೀಳಿದ ಚರ್ಮಕ್ಕೆ ಹುಳಿ ಬಿದ್ದರೆ ಜೀವ ಹೋದಂತಾಗುತ್ತದೆ. ರಾತ್ರಿ ಮಲಗುವಾಗ ಬೆರಳಿಗೆ ವ್ಯಾಸಲಿನ್ ದಪ್ಪಗೆ ಬಳಿದು, ಹಳೇ ಹತ್ತಿ ಕಾಲುಚೀಲವನ್ನು ಕೈಗೇ ಹಾಕಿಕೊಳ್ಳಿ. ಉಗುರನ್ನು ಬುಡದವರೆಗೆ ಕತ್ತರಿಸಬೇಡಿ. ಬೆರಳು ಒತ್ತುವ ಚಪ್ಪಲಿ ಬಿಡಿ.

ಜ್ವರ ಬಂದರೆ, ಗುಳ್ಳೆಗಳ ಮೇಲೆ ಹಳದಿ ಹೊಪ್ಪಳೆ ಕಟ್ಟಿ ಹರಡಿದರೆ, ಚರ್ಮ ಸುಲಿದರೆ, ಕಣ್ಣು ಕೆಂಪಾಗಿ ನೋವಾದರೆ ಮುಂದಿನ ಡೋಸಿನ ದಿನಕ್ಕೆ ಕಾಯದೆ ಅಂದೇ ಬನ್ನಿ. ಒಂದು ಡೋಸ್ ಮುಂದಕ್ಕೆ ಹಾಕಬೇಕೋ, ಕಡಿಮೆ ಮಾಡಬೇಕೋ ಎಂಬುದನ್ನು ಡಾಕ್ಟರು ನೋಡಿ ಹೇಳುತ್ತಾರೆ. ನೀವೇ ನಿಲ್ಲಿಸಬೇಡಿ.

ಯಜಮಾನರು ಈಗ ತಪ್ಪದೆ ಬರುತ್ತಿದ್ದಾರೆ. ಕಣ್ಣಿನ ರೆಪ್ಪೆಗೂದಲು ಉದ್ದ ಬೆಳೆದು ಸುರುಳಿ ಸುತ್ತಿವೆ, ಅದೂ ಇದೇ ಔಷಧಿಯ ಆಟ. "ತಾತ ಕಾಡಿಗಿ ಹಚ್ಚಿಕೊಂಡಾನ" ಅಂತ ಮೊಮ್ಮಗಳು ನಗುತ್ತಾಳಂತೆ. ಅವು ಒಳಕ್ಕೆ ತಿರುಗಿ ಕಣ್ಣಿಗೆ ಚುಚ್ಚತೊಡಗಿದರೆ ಮನೆಯಲ್ಲಿ ಕತ್ತರಿ ಹಿಡಿಯಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದು ಅವರಿಗೂ ಹೇಳಿದ್ದೇನೆ. ನಮಸ್ಕಾರ.